ಅರವತ್ತೆರಡು

ಯಮನಪ್ಪನ ನಾಡಿ ಅರವತ್ತೆರಡಿತ್ತು. ಪರಮಾನಂದ ಪುಸ್ತಕದಲ್ಲಿ ನೂರ ನಲವತ್ತೆಂಟು ಎಂದು ಬರೆದ. ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಮುಂದಿನವನನ್ನು ಒಳಗೆ ಕರೆದ.

ಅದು ಹೋದ ವರ್ಷ, ತೊಂಬತ್ತೈದರ ನವೆಂಬರಿನಲ್ಲಿ. ಈಗ ಜುಲೈ. ಮಂಗಳವಾರ ಬೆಳಗಿನ ಏಳೂಕಾಲಿಗೆ ಪರಮಾನಂದ ರಾಜಗೋಪಾಲನಗರದ ಬಾಡಿಗೆ ಮನೆಯಿಂದ ಪೀಣ್ಯ ಎರಡನೇ ಹಂತದ ಕಡೆಗೆ ದಿನವೂ ನಡೆಯುವ ದಾರಿಯಲ್ಲೇ ನಡೆಯುತ್ತಿದ್ದ. ಬಲಗೈಯ ಎರಡು ಬೆರಳು ತಾವಾಗಿಯೇ ಎಡಗೈ ಮಣಿಕಟ್ಟಿನ ಮೇಲೆ ಹೋಗಿ ಕೂತಿದ್ದವು. ಶುಕ್ರವಾರದಿಂದ ಹೀಗೇ ಆಗಿದೆ. ಟೀ ಕುಡಿಯುವಾಗ, ಬಚ್ಚಲಲ್ಲಿ, ಹೆಂಡತಿ ಸವಿತಾ ಎದುರು ಕೂತು ಸೀಮೆಎಣ್ಣೆ ಸಾಲಿನ ಜಗಳ ಹೇಳುತ್ತಿರುವಾಗ, ಬೆರಳು ಅಲ್ಲಿಗೇ ಹೋಗುತ್ತದೆ. ಕೈ ಉಳುಕಿದೆಯೇ ಎಂದು ಅವಳು ಕೇಳಿದ್ದಳು. ಹೂಂ ಎಂದಿದ್ದ. ಅವಳು ಬಿಸಿ ಮಾಡಿದ ಎಣ್ಣೆ ತಂದು ಮಣಿಕಟ್ಟು ತಿಕ್ಕಿದಳು. ಅವಳ ಹೆಬ್ಬೆರಳಿನ ಕೆಳಗೆ ತನ್ನ ನಾಡಿ ಕಳ್ಳನ ಹಾಗೆ ಓಡುತ್ತಿರುವುದು ಅವಳಿಗೆ ತಿಳಿದುಬಿಡುತ್ತದೇನೋ ಎಂದು ಕೈ ಎಳೆದುಕೊಂಡಿದ್ದ. ಈಗ ಎಣಿಸಿದರೆ ಎಂಬತ್ತೆಂಟು. ನಡೆಯುವವನಿಗೆ ಇರಬೇಕಾದಷ್ಟೇ. ಕಾಲು ನಡೆಯುತ್ತಿದೆ ಎಂದು ಅವನ ಎದೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲೇತ್ ಶೆಡ್ಡುಗಳ ಶಟರುಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಮೋರಿಯ ಕಪ್ಪು ನೀರಿನಲ್ಲಿ ಕಬ್ಬಿಣದ ಸುರುಳಿಗಳು ಬಿಸಿಲಿಗೆ ಹೊಳೆಯುತ್ತ, ಯಾರೋ ಮದುವೆ ಮನೆಯ ಸಿಂಗಾರ ತಂದು ಕೊಚ್ಚೆಗೆ ಎಸೆದ ಹಾಗೆ ಕಾಣುತ್ತಿದ್ದವು. ಟೀ ಅಂಗಡಿಯ ಆವಲಪ್ಪ ದೂರದಿಂದಲೇ ಕೈ ಎತ್ತಿ, ‘ಏನ್ ಡಾಕ್ಟ್ರೇ, ಪೈಲ್ವಾನ ಬದುಕವ್ನಾ?’ ಎಂದ. ಬದುಕಿದ್ದಾನೆ ಎಂದು ತಲೆಯಾಡಿಸಿ ಪರಮಾನಂದ ನಿಲ್ಲದೆ ಮುಂದೆ ಹೋದ. ಡಾಕ್ಟ್ರೇ ಎಂಬ ಮಾತು ಈ ನಾಲ್ಕು ದಿನದಲ್ಲಿ ಬೆನ್ನಿಗೆ ಎಸೆದ ಕಲ್ಲಾಗಿತ್ತು.

ಅವನು ಡಾಕ್ಟರಲ್ಲ. ಗದಗಿನ ಒಬ್ಬ ವೈದ್ಯರ ದವಾಖಾನೆಯಲ್ಲಿ ಆರು ವರ್ಷ ಕಾಂಪೌಂಡರನಾಗಿದ್ದವನು. ಪ್ರಥಮ ಚಿಕಿತ್ಸೆಯ ಒಂದು ಸರ್ಟಿಫಿಕೇಟು ಹಿಡಿದು ಬೆಂಗಳೂರಿಗೆ ಬಂದು, ಈ ಫೋರ್ಜಿಂಗ್ ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೋಣೆಯಲ್ಲಿ ಬಿಳಿ ಕೋಟು ಹಾಕಿ ಕೂತವನು. ನಿಜವಾದ ಡಾಕ್ಟರು ಗುರುವಾರ ಬರುತ್ತಾರೆ. ಮಲ್ಲೇಶ್ವರದಿಂದ ಕಾರಿನಲ್ಲಿ ಬಂದು, ವಾರದ ಪುಸ್ತಕಕ್ಕೆ ಸಾಲಾಗಿ ಸಹಿ ಹಾಕಿ, ಕಾರಿನ ಬಾಗಿಲು ತೆಗೆದೇ ಇಟ್ಟಿದ್ದವರ ಹಾಗೆ ಹೊರಟುಹೋಗುತ್ತಾರೆ. ಕೋಣೆಯ ಗೋಡೆಯಾಚೆಗೇ ಹ್ಯಾಮರ್ ಶಾಪು. ಎರಡು ಟನ್ನಿನ ಸುತ್ತಿಗೆ ಕೆಂಡದಂಥ ಕಬ್ಬಿಣದ ಮೇಲೆ ಬಿದ್ದಾಗಲೆಲ್ಲ ಕಪಾಟಿನ ಟಿಂಕ್ಚರ್ ಸೀಸೆಗಳು ಒಂದನ್ನೊಂದು ತಾಗಿ ಕಿಣಿಗುಟ್ಟುತ್ತವೆ. ಮೊದಲ ತಿಂಗಳು ಆ ಸದ್ದಿಗೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಈಗ ಭಾನುವಾರ ಅದು ಕೇಳದಿದ್ದರೆ ಏನೋ ತಪ್ಪಿದ ಹಾಗೆ ಎದ್ದು ಕೂರುತ್ತಾನೆ.

ಆ ನವೆಂಬರಿನಲ್ಲಿ ಜರ್ಮನಿಯ ಕೊಳ್ಳುವವರು ಬರುತ್ತಾರೆಂದು ಕಾರ್ಖಾನೆಗೆಲ್ಲ ಸುಣ್ಣ ಬಳಿದರು. ಕೆಲಸಗಾರರ ದೇಹದಾರ್ಢ್ಯಕ್ಕೂ ಒಂದು ಪುಸ್ತಕ ಇರಬೇಕು ಎಂದು ಪರ್ಸೊನೆಲ್ ಮ್ಯಾನೇಜರ್ ಅಮರೇಶ್ ಎಲ್ಲಿಂದಲೋ ಒಂದು ಪರೀಕ್ಷೆ ತಂದರು. ಒಂದೂವರೆ ಅಡಿ ಎತ್ತರದ ಪೆಟ್ಟಿಗೆ. ಅದನ್ನು ಐದು ನಿಮಿಷ ಹತ್ತಬೇಕು, ಇಳಿಯಬೇಕು, ಹತ್ತಬೇಕು, ಇಳಿಯಬೇಕು. ನಿಂತ ಕೂಡಲೇ ನಾಡಿ ನೋಡಿ ಬರೆಯಬೇಕು. ಪೆಟ್ಟಿಗೆ ಬಡಗಿ ಮಾಡಿದ್ದಲ್ಲ, ಮಾಲು ಕಳಿಸುವ ಪ್ಯಾಕಿಂಗ್ ಕೇಸು. ಹತ್ತಿ ಇಳಿಯುವ ಲಯಕ್ಕೂ ಯಾವ ಯಂತ್ರವನ್ನೂ ತರಿಸಲಿಲ್ಲ. ಕಿಟಕಿ ತೆಗೆದಿಟ್ಟರೆ ಸಾಕಾಗಿತ್ತು. ಸುತ್ತಿಗೆ ಬಿದ್ದಾಗ ಮೇಲೆ, ಇನ್ನೊಮ್ಮೆ ಬಿದ್ದಾಗ ಕೆಳಗೆ. ಕೆಲಸ ಖಾಯಂ ಆಗುವ ಮೊದಲೇ ಆ ಸುತ್ತಿಗೆಗೆ ಕುಣಿಯುವುದನ್ನು ದಿನಗೂಲಿಯವರು ಕಲಿತದ್ದು ಹೀಗೆ. ಎರಡು ವರ್ಷದಿಂದ ದಿನಗೂಲಿಯಲ್ಲಿದ್ದ ಹದಿನಾಲ್ಕು ಜನ ಬನಿಯನ್ನಿನಲ್ಲಿ ಸಾಲು ನಿಂತಿದ್ದರು. ಪಾಸಾದವರು ಪರ್ಮನೆಂಟು. ಅಮರೇಶ್ ಬಾಗಿಲಲ್ಲಿ ನಿಂತು, ಹಣೆಯ ತೆಳು ವಿಭೂತಿಯ ಕೆಳಗೆ ಎಂದಿನ ಮೆತ್ತನೆಯ ನಗೆ ನಕ್ಕು, ನಾಡಿ ನೂರ ನಲವತ್ತರಿಂದ ನೂರ ಅರವತ್ತರೊಳಗೆ ಬರಬೇಕೆಂದು ಹೇಳಿದ್ದರು. ‘ಬರ್ಲಿಲ್ಲ ಅಂದ್ರೆ ಬರೋ ಹಾಗೆ ನೋಡ್ಕೊಳ್ಳಿ ಪರಮಾನಂದ್. ಸೋಮವಾರ ನನಗೆ ಹನ್ನೊಂದು ಜನ ಹ್ಯಾಮರ್ ಹತ್ರ ನಿಂತಿರ್ಬೇಕು.’

ಯಮನಪ್ಪ ಒಂಬತ್ತನೆಯವನು. ಮುದ್ದೇಬಿಹಾಳದ ಕಡೆಯ ಗರಡಿಯಲ್ಲಿ ಪಳಗಿದ ಮೈ. ಕೋಣೆಯೊಳಗೆ ಬಂದರೆ ಬೆಳಕು ಅರ್ಧ ಕಡಿಮೆಯಾಗುತ್ತಿತ್ತು. ಪೆಟ್ಟಿಗೆ ಕಂಡು, ಇದೇನು ಹುಡುಗಾಟ ಎಂಬಂತೆ ನಕ್ಕಿದ್ದ. ಎರಡು ನಿಮಿಷಕ್ಕೆ ನಗು ಹೋಯಿತು. ಮೂರಕ್ಕೆ ತುಟಿಯ ಬಣ್ಣ ನೇರಳೆಗೆ ತಿರುಗಿತು. ಐದನೆಯ ನಿಮಿಷ ಮುಗಿಯುವಾಗ ತೊಡೆಗಳು ಕಟ್ಟಿದ ದನದ ತೊಗಲಿನ ಹಾಗೆ ಕಂಪಿಸುತ್ತಿದ್ದವು, ಉಸಿರು ಕಮ್ಮಾರನ ತಿದಿಯಾಗಿತ್ತು. ಪರಮಾನಂದ ಮಣಿಕಟ್ಟು ಹಿಡಿದ. ಅಷ್ಟೆಲ್ಲ ಗದ್ದಲದ ಅಡಿಯಲ್ಲಿ, ಆ ದಪ್ಪ ಮಣಿಕಟ್ಟಿನೊಳಗೆ, ಯಾರೋ ಊಟ ಮುಗಿಸಿ ಅಂಗಳದಲ್ಲಿ ಅಡ್ಡಾಡುವ ಹಾಗೆ ನಾಡಿ ನಡೆಯುತ್ತಿತ್ತು. ಅರವತ್ತೆರಡು. ತಪ್ಪು ಎಣಿಸಿದೆ ಎಂದುಕೊಂಡು ಇನ್ನೊಮ್ಮೆ ಹಿಡಿದ. ಅರವತ್ತೊಂದು. ಇನ್ನೊಂದು ಕೈ. ಅರವತ್ತೆರಡು. ಯಮನಪ್ಪ ಅವನ ಮುಖ ನೋಡಿ, ಉಸಿರಿನ ನಡುವೆ ಜಾಗ ಹುಡುಕಿಕೊಂಡು, ತನ್ನ ಎದೆ ಮೊದಲಿಂದಲೂ ಸಾವಕಾಶವೆಂದೂ ಗರಡಿಯ ಉಸ್ತಾದರು ಅದನ್ನು ಹೊಗಳಿ ಎಲ್ಲರಿಗೂ ತೋರಿಸುತ್ತಿದ್ದರೆಂದೂ ಹೇಳಿದ್ದ. ‘ಪೈಲ್ವಾನನ ಎದಿ ಆನಿ ನಡದಂಗ ನಡೀಬೇಕಂತ್ರಿ. ಓಡೋ ಎದಿ ಇಲಿದಂತ್ರಿ.’ ಸಾಲಿನಲ್ಲಿದ್ದವರು ನಕ್ಕರು. ಬುಲೆಟ್ ಗಾಡಿ ಕಣೋ, ಸ್ಲೋ ಹೊಡೆದ್ರೂ ಗುಡ್ಡ ಹತ್ತುತ್ತೆ ಎಂದ ಒಬ್ಬ. ಪರಮಾನಂದನೂ ನಕ್ಕ. ಅವನ ಊರಿನಲ್ಲೂ ಹಾಗೇ ಹೇಳುತ್ತಿದ್ದರು. ನಿಧಾನದ ನಾಡಿಯವನು ನೂರು ವರ್ಷದವನು. ಆದರೆ ಗದಗಿನ ವೈದ್ಯರು ಇನ್ನೊಂದು ಮಾತು ಹೇಳಿದ್ದರು: ಕೂತಾಗ ನಿಧಾನ ಇದ್ದರೆ ಶಕ್ತಿ, ಓಡಿದಾಗಲೂ ನಿಧಾನ ಇದ್ದರೆ ರೋಗ. ಆ ಮಾತು ಆ ಹೊತ್ತಿಗೆ ನೆನಪಾಗಲಿಲ್ಲ ಎಂದು ಅವನು ಸವಿತಾಗೆ ಹೇಳಬಲ್ಲ, ದೇವರಿಗೂ ಹೇಳಬಲ್ಲ. ನೆನಪಾಗಿತ್ತು. ಪೆನ್ನು ಕಾಗದಕ್ಕೆ ತಾಗುವ ಮೊದಲೇ ಬಂದು ನಿಂತಿತ್ತು.

ಹಾಗಾದರೆ ಯಾಕೆ ಬರೆದೆ? ಗೇಟಿನಲ್ಲಿ ಕಾರ್ಡು ಪಂಚ್ ಮಾಡುವಾಗಲೂ ಈ ಪ್ರಶ್ನೆ ಅವನ ಹಿಂದೆಯೇ ಸಾಲಿನಲ್ಲಿ ನಿಂತಿತ್ತು. ಉಪಕಾರಕ್ಕೆ ಬರೆದೆ ಎಂಬುದು ನಾಲ್ಕು ದಿನದಿಂದ ಅವನು ತನಗೇ ಕೊಡುತ್ತಿದ್ದ ಗುಳಿಗೆ. ನಿಜ ಬರೆದಿದ್ದರೆ ಯಮನಪ್ಪನನ್ನು ಅಂದೇ ಗೇಟಿನಾಚೆ ಬಿಡುತ್ತಿದ್ದರು, ಎರಡು ವರ್ಷದ ದಿನಗೂಲಿ ಮಣ್ಣುಪಾಲಾಗುತ್ತಿತ್ತು. ಈ ಗುಳಿಗೆ ಮೊದಲ ದಿನ ಕೆಲಸ ಮಾಡಿತು, ಎರಡನೇ ದಿನ ಕಹಿಯಾಯಿತು. ನಿಜ ಬೇರೆ ಇತ್ತು, ಅದು ತೀರ ಸಣ್ಣದಿತ್ತು. ಆ ಪರೀಕ್ಷೆಗೂ ಒಂದು ತಿಂಗಳ ಹಿಂದೆ ಅವನು ಒಬ್ಬನ ರಕ್ತದೊತ್ತಡ ವಿಪರೀತ ಎಂದು ಬರೆದಿದ್ದಾಗ, ಗುರುವಾರದ ಡಾಕ್ಟರು ಮತ್ತೆ ನೋಡಿ ಸರಿಯಾಗೇ ಇದೆ ಎಂದು, ಹತ್ತು ಜನರೆದುರು, ಸೀಸೆ ತೊಳೆಯೋನ ಕೈಗೆ ಪೆನ್ನು ಕೊಟ್ಟರೆ ಹೀಗೇ ಆಗೋದು ಎಂದಿದ್ದರು. ಆ ಹತ್ತು ಜನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅರವತ್ತೆರಡು ಎಂದು ಬರೆದರೆ ಡಾಕ್ಟರು ಮತ್ತೆ ಆ ಪುಟದ ಮೇಲೆ ಬೆರಳಿಟ್ಟು ತಲೆ ಎತ್ತುತ್ತಾರೆ, ಮತ್ತೆ ಆ ಕಣ್ಣು. ಒಬ್ಬ ಮನುಷ್ಯನ ಹೃದಯಕ್ಕೂ ತನ್ನ ಆ ಅರ್ಧ ನಿಮಿಷದ ಅವಮಾನಕ್ಕೂ ತಕ್ಕಡಿ ಹಿಡಿದು, ಅವಮಾನದ ತಟ್ಟೆಯೇ ಭಾರ ಎಂದು ಕಂಡುಕೊಂಡಿದ್ದ. ಊಟದ ಗಂಟೆಯೂ ಹೊಡೆಯುವುದರಲ್ಲಿತ್ತು. ನೂರ ನಲವತ್ತೆಂಟು ಯಾಕೆ, ನೂರ ಐವತ್ತು ಯಾಕಲ್ಲ? ಐವತ್ತು ಎಂದರೆ ಅಂದಾಜು ಅನಿಸುತ್ತದೆ. ನಲವತ್ತೆಂಟು ಎಂದರೆ ಎಣಿಸಿದ ಹಾಗಿರುತ್ತದೆ. ಅಷ್ಟು ಜಾಣತನ ಆ ಕ್ಷಣದಲ್ಲೂ ಇತ್ತು.

ಯಮನಪ್ಪ ಹ್ಯಾಮರಿಗೆ ಹೋದ. ಉದ್ದ ಇಕ್ಕಳದಲ್ಲಿ ಕೆಂಡದ ದಿಂಡು ಹಿಡಿದು ಕುಲುಮೆಯಿಂದ ಸುತ್ತಿಗೆಯ ಬಾಯಿಗೆ, ಸುತ್ತಿಗೆಯ ಬಾಯಿಂದ ಆಚೆಗೆ. ಮೂರು ತಿಂಗಳಲ್ಲಿ ಪ್ರಥಮ ಚಿಕಿತ್ಸಾ ಕೋಣೆಯ ಬೆಂಚಿಗೆ ಅವನ ಬೆನ್ನಿನ ಗುರುತಾಯಿತು. ಗಾಯವಿಲ್ಲ, ಜ್ವರವಿಲ್ಲ. ಸುಸ್ತು. ಸುಸ್ತು ಎಂಬುದಕ್ಕೆ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಅವನು ಹೇಳುವುದನ್ನು ಕೇಳಲು ಪರಮಾನಂದನಿಗೆ ಭಯವಾಗುತ್ತಿತ್ತು, ಏಕೆಂದರೆ ಅವನು ಸರಿಯಾಗಿ ಹೇಳುತ್ತಿದ್ದ. ‘ಕಾಲು ಮುಂದ ಹೊಕ್ಕಾವ್ರಿ, ಎದಿ ಹಿಂದ ಉಳೀತೈತ್ರಿ. ಕರದ್ರೂ ಬರವಲ್ದು.’ ಪರಮಾನಂದ ಅವನ ಮಣಿಕಟ್ಟನ್ನು ಮತ್ತೆ ಮುಟ್ಟಲಿಲ್ಲ. ಕೆಂಪು ಬಣ್ಣದ ಟಾನಿಕ್ಕು ಕೊಟ್ಟ. ಗ್ಲೂಕೋಸ್ ಪುಡಿ ಕೊಟ್ಟ. ಬಾಳೆಹಣ್ಣು ತಿನ್ನಲು ಹೇಳಿದ. ಹ್ಯಾಮರ್ ಶಾಪಿನಲ್ಲಿ ಮೇಸ್ತ್ರಿ ಅವನನ್ನು ಬಸುರಿ ಎಂದು ಕರೆಯಲು ಶುರುಮಾಡಿದ್ದ. ನಮ್ಮ ಬಸುರಿಗೆ ಎಷ್ಟು ತಿಂಗಳು ಡಾಕ್ಟ್ರೇ ಎಂದು ಕಿಟಕಿಯಿಂದ ಮುಖ ತೂರಿಸಿ ಕೇಳುತ್ತಿದ್ದ. ಕುಸ್ತಿಯಲ್ಲಿ ಎದುರಾಳಿಯನ್ನು ಮಣ್ಣಿಗೆ ಒತ್ತಿ ಹಿಡಿದ ಗಂಡಸು ಬೆಂಚಿನ ಮೇಲೆ ಕೂತು, ಆ ಮಾತು ತನಗಲ್ಲ ಎಂಬಂತೆ ಟಾನಿಕ್ಕಿನ ಮುಚ್ಚಳ ತಿರುಗಿಸುತ್ತಿದ್ದ. ಏಪ್ರಿಲಿನಲ್ಲಿ ಅಮರೇಶ್ ಅವನಿಗೆ ಸೋಮಾರಿತನದ ಮೆಮೋ ಕೊಟ್ಟರು. ಮೆಮೋಗೆ ಲಗತ್ತಿಸಲು ಒಂದು ಚೀಟಿ ಬೇಕಿತ್ತು: ಕಾಯಿಲೆ ಏನೂ ಕಂಡುಬಂದಿಲ್ಲ. ಅದನ್ನೂ ಪರಮಾನಂದನೇ ಬರೆದ. ಒಂದು ಸುಳ್ಳಿಗೆ ಒಂಟಿತನ ಕಾಡುತ್ತದೆ, ಅದು ತನ್ನ ಬಳಗ ಕರೆಸಿಕೊಳ್ಳುತ್ತದೆ.

ಹೋದ ಶುಕ್ರವಾರ ಮಧ್ಯಾಹ್ನ ಸೀಸೆಗಳ ಕಿಣಿಕಿಣಿ ನಿಂತಿತು. ಆ ಮೌನಕ್ಕೇ ಪರಮಾನಂದ ಎದ್ದು ನಿಂತಿದ್ದ. ಯಮನಪ್ಪ ಇಕ್ಕಳದ ಸಮೇತ ಬಿದ್ದಿದ್ದ, ದಿಂಡು ಉರುಳಿ ಎಡ ಮುಂಗೈ ಸುಟ್ಟಿತ್ತು. ಸುಟ್ಟ ವಾಸನೆಯ ನಡುವೆ ಮಂಡಿಯೂರಿ ಪರಮಾನಂದ ಎಂಟು ತಿಂಗಳ ನಂತರ ಆ ಮಣಿಕಟ್ಟು ಹಿಡಿದ. ಇಪ್ಪತ್ತೆಂಟು. ಆಸ್ಪತ್ರೆಯಲ್ಲಿ ಎದೆಗೆ ಪಟ್ಟಿ ಹಚ್ಚಿ ಇಸಿಜಿ ಕಾಗದದ ಮೇಲೆ ಗೆರೆ ತೆಗೆದ ಎಳೆಯ ಡಾಕ್ಟರಮ್ಮ, ಹೃದಯದ ಮೇಲಿನ ಕೋಣೆಯ ಕರೆಂಟು ಕೆಳಗಿನ ಕೋಣೆಗೆ ಮುಟ್ಟುತ್ತಿಲ್ಲ, ಓಡಿದರೂ ಅದಕ್ಕೆ ಗೊತ್ತಾಗುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ, ಎದೆಯಲ್ಲಿ ಬ್ಯಾಟರಿಯ ಡಬ್ಬಿ ಕೂರಿಸಬೇಕು ಎಂದಳು. ಇಷ್ಟು ದಿನ ಇವನನ್ನು ಯಾರೂ ನೋಡಲಿಲ್ಲವೇ ಎಂದೂ ಕೇಳಿದಳು. ಪರಮಾನಂದ ತನ್ನ ಚಪ್ಪಲಿ ನೋಡಿದ. ಅಂದು ಸಂಜೆ ಕಾರ್ಖಾನೆಗೆ ವಾಪಸು ಬಂದು, ಹೊಟ್ಟೆಯಲ್ಲಿ ಹಿಡಿಸದೆ, ಅಮರೇಶರ ಎದುರು ಎಲ್ಲ ಕಕ್ಕಿಬಿಟ್ಟ. ಸಾರ್, ಅವತ್ತು ಅರವತ್ತೆರಡೇ ಇತ್ತು, ನಾನೇ ನೂರ ನಲವತ್ತೆಂಟು ಬರೆದೆ. ಬೈಗುಳಕ್ಕೆ ಕುತ್ತಿಗೆ ಒಡ್ಡಿ ನಿಂತಿದ್ದ. ಅಮರೇಶ್ ಬೈಯಲಿಲ್ಲ. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, ನೀವು ಒಳ್ಳೆಯ ಮನುಷ್ಯ ಎಂದರು. ಆ ಕೈಯ ಭಾರ ಈಗಲೂ ಅಲ್ಲೇ ಇದೆ.

ಭಾನುವಾರ ಆಸ್ಪತ್ರೆಯ ವಾರ್ಡಿನಲ್ಲಿ ಯಮನಪ್ಪ ಮಲಗಿದ್ದ. ಕತ್ತಿನ ಹತ್ತಿರದಿಂದ ತಾತ್ಕಾಲಿಕ ತಂತಿ ಒಳಗೆ ಹೋಗಿತ್ತು. ಅವನ ಹೆಂಡತಿ ದುರ್ಗವ್ವ ಮಂಚದ ಕೆಳಗೆ ಕೂತಿದ್ದಳು. ಜಾಲಹಳ್ಳಿಯ ಆಚೆ ಕಟ್ಟುವ ಮನೆಗಳಲ್ಲಿ ಇಟ್ಟಿಗೆ ಹೊರುವವಳು, ಅಂಗೈಯಲ್ಲಿ ಸಿಮೆಂಟಿನ ಬಿರುಕು. ಪರಮಾನಂದನನ್ನು ಕಂಡು ಎದ್ದಳು. ‘ಅವತ್ತ ನಾಡಿ ಹಿಡದು ಪಾಸ್ ಮಾಡಿದವ್ರು ನೀವಽ ಏನ್ರಿ?’ ಬಂತು ಎಂದುಕೊಂಡ. ಕೆನ್ನೆ ಸಿದ್ಧಮಾಡಿಕೊಂಡ. ಅವಳು ಬಗ್ಗಿ ಅವನ ಕಾಲು ಮುಟ್ಟಿದಳು. ಪರ್ಮನೆಂಟ್ ಆದದ್ದಕ್ಕೆ ಆಸ್ಪತ್ರೆಯ ವಿಮೆ ಕಾರ್ಡು ಬಂತು, ಕಾರ್ಡಿದ್ದುದಕ್ಕೆ ಡಬ್ಬಿ ಹಾಕುತ್ತಾರಂತೆ, ಇಲ್ಲದಿದ್ದರೆ ಇಷ್ಟೊತ್ತಿಗೆ ಊರಿಗೆ ಹೆಣ ಒಯ್ಯಬೇಕಿತ್ತು, ನಿಮ್ಮ ಕೈಗುಣ ದೊಡ್ಡದು ಎಂದಳು. ರೊಟ್ಟಿಯ ಗಂಟು ಬಿಚ್ಚಿ ಶೇಂಗಾ ಚಟ್ನಿ ಹಾಕಿ ಕೊಟ್ಟಳು. ಬೇಡ ಎನ್ನುವ ಧೈರ್ಯವೂ ಅವನಿಗಿರಲಿಲ್ಲ. ವಾರ್ಡಿನ ನಡುವೆ ನಿಂತು, ಯಮನಪ್ಪ ನೋಡುತ್ತಿರುವಾಗ, ತಿಂದ. ಯಮನಪ್ಪ ನಿಧಾನವಾಗಿ, ಆನೆ ಕಣ್ಣು ತೆರೆದ ಹಾಗೆ ನೋಡಿ, ‘ಎದಿ ಈಗ ತಂತಿ ಹೇಳಿದಂಗ ಕೇಳ್ತೈತ್ರಿ,’ ಎಂದು ನಕ್ಕ. ಅವನಿಗೆ ಗೊತ್ತಿತ್ತೇ? ಅಂದು ಮಣಿಕಟ್ಟು ಮೂರು ಸಲ ಹಿಡಿದವನ ಮುಖದಲ್ಲಿ ಓಡಿದ್ದನ್ನು ಅವನು ಓದಿದ್ದನೇ? ಕುಸ್ತಿಯವರು ಎದುರಿನವನ ಕಣ್ಣು ನೋಡಿಯೇ ಪಟ್ಟು ತಿಳಿಯುತ್ತಾರೆ.

ಮಂಗಳವಾರ ಹನ್ನೊಂದು ಗಂಟೆಗೆ ಅಮರೇಶರ ಕ್ಯಾಬಿನ್ನಿಗೆ ಕರೆ ಬಂತು. ಪುಸ್ತಕದ ಸಮೇತ ಬರಬೇಕಂತೆ. ಹ್ಯಾಮರ್ ಶಾಪಿನ ಪಕ್ಕದಿಂದ ಹೋಗುವಾಗ ಯಮನಪ್ಪನ ಜಾಗದಲ್ಲಿ ಇನ್ನೊಬ್ಬ ಇಕ್ಕಳ ಹಿಡಿದು ನಿಂತಿದ್ದ. ಸುತ್ತಿಗೆಗೆ ವ್ಯತ್ಯಾಸ ಗೊತ್ತಾಗಿರಲಿಲ್ಲ. ಕ್ಯಾಬಿನ್ನಿನಲ್ಲಿ ಟೀ ಬಂತು. ಕೂರಿ ಎಂದರು. ಒಂಬತ್ತು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವನು ಕೂತದ್ದು ಇದೇ ಮೊದಲು. ಮೆತ್ತೆ ಎಷ್ಟು ಮೆತ್ತಗಿತ್ತೆಂದರೆ ಮಂಡಿ ಎದೆಯ ಮಟ್ಟಕ್ಕೆ ಬಂದು, ತಾನು ಸಣ್ಣವನಾದ ಹಾಗಾಯಿತು. ಅಮರೇಶ್ ಪುಸ್ತಕ ತಿರುವಿ ಆ ಪುಟ ತೆಗೆದು ಅವನ ಕಡೆ ತಿರುಗಿಸಿಟ್ಟರು. ಪಕ್ಕದಲ್ಲಿ ತಮ್ಮದೇ ಪೆನ್ನು ಇಟ್ಟರು. ಜೋರು ಮಾಡದೆ, ತಮ್ಮನಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: ನೂರ ನಲವತ್ತೆಂಟರ ಮೇಲೆ ಒಂದು ಗೆರೆ. ಮೇಲೆ ಅರವತ್ತೆರಡು. ಪಕ್ಕದಲ್ಲಿ ಸಣ್ಣ ಸಹಿ, ನವೆಂಬರಿನದೇ ತಾರೀಕು. ಕೆಳಗೆ ಒಂದು ಸಾಲು: ಕಾಯಿಲೆ ಇರುವುದು ಕೆಲಸಗಾರನಿಗೆ ಮೊದಲೇ ತಿಳಿದಿತ್ತು, ಮುಚ್ಚಿಡಲು ಅವನೇ ಬೇಡಿಕೊಂಡ. ಅಷ್ಟಾದರೆ ಮೋಸದಿಂದ ಸೇರಿದವನು ಎಂದು ನೇಮಕಾತಿ ಮೊದಲ ದಿನದಿಂದಲೇ ರದ್ದಾಗುತ್ತದೆ. ಕಾರ್ಡೂ ರದ್ದು. ಬಿದ್ದದ್ದು ಕಾರ್ಖಾನೆಯ ಕೆಲಸದಿಂದಲ್ಲ, ಊರಿಂದ ತಂದ ರೋಗದಿಂದ. ಆಪರೇಷನ್ ಗುರುವಾರ. ಕಾಗದ ಅಷ್ಟರೊಳಗೆ ಆಸ್ಪತ್ರೆಗೆ ಮುಟ್ಟಬೇಕು.

ಪರಮಾನಂದ ತಾನು ಬರೆದ ಅಂಕಿ ನೋಡುತ್ತ ಕೂತ. ಎಂಟರ ಹೊಟ್ಟೆ ದುಂಡಗೆ ಬಂದಿತ್ತು. ಒಳ್ಳೆಯ ಕೈಬರಹ ಎಂದು ಗದಗಿನ ವೈದ್ಯರೂ ಹೇಳುತ್ತಿದ್ದರು. ಎಂಥ ತಮಾಷೆ. ಸುಳ್ಳು ಬರೆದಾಗ ಅವರಿಗೆ ಸುಳ್ಳು ಬೇಕಿತ್ತು; ಈಗ ನಿಜ ಬೇಕಾಗಿದೆ. ಅಂದು ಆ ಸುಳ್ಳು ಯಮನಪ್ಪನನ್ನು ಸುತ್ತಿಗೆಯ ಕೆಳಗೆ ನಿಲ್ಲಿಸಿತು, ಈಗ ಅದೇ ಸುಳ್ಳಿನ ತಂತಿ ಅವನ ಕತ್ತಿನೊಳಗೆ ಹೋಗಿ ಜೀವ ಹಿಡಿದಿದೆ. ನಿಜವನ್ನು ಬರೆದರೆ ಕಿತ್ತುಬರುತ್ತದೆ. ನಾಲ್ಕು ದಿನದಿಂದ ಆ ಅರವತ್ತೆರಡನ್ನು ಎಲ್ಲಿ ಇಳಿಸಲಿ ಎಂದು ಹೊತ್ತು ತಿರುಗಿದವನಿಗೆ, ಇಳಿಸು ಎಂದು ಮೇಜು ಒರೆಸಿ ಜಾಗ ಮಾಡಿಕೊಟ್ಟಿದ್ದಾರೆ. ಎಷ್ಟು ಸುಲಭ. ಬರೆದರೆ ತಾನು ಶುದ್ಧ.

‘ಸುಳ್ಳು ಬರೀರಿ ಅಂತ ನಾನು ಯಾವತ್ತೂ ಹೇಳಲ್ಲ ಪರಮಾನಂದ್,’ ಎಂದರು ಅಮರೇಶ್. ‘ನಿಜ ಬರೀರಿ ಅಂತಿದೀನಿ. ನೀವೇ ಬಂದು ಹೇಳಿದ ನಿಜ.’

ಅವನು ಬೇಡ್ಕೊಳ್ಳಲಿಲ್ಲ ಸಾರ್ ಎಂದ ಪರಮಾನಂದ. ದನಿ ತನಗೇ ಕೇಳದಷ್ಟು ಸಣ್ಣಗಿತ್ತು. ಯಮನಪ್ಪ ಅಂದು ಪಾಸಾದೆನಾ ಎಂದಷ್ಟೇ ಕೇಳಿದ್ದ. ಅಮರೇಶ್ ಆ ಸಾಲು ಬೇಡವಾದರೆ ಬಿಡಿ, ಅಂಕಿ ಒಂದು ತಿದ್ದಿದರೂ ಸಾಕು, ಉಳಿದದ್ದನ್ನು ಆಫೀಸು ನೋಡಿಕೊಳ್ಳುತ್ತದೆ ಎಂದರು. ತಿದ್ದದಿದ್ದರೆ ಏನಾಗುತ್ತದೆ ಎಂಬುದನ್ನೂ ಅದೇ ದನಿಯಲ್ಲಿ ಹೇಳಿದರು. ಸುಳ್ಳು ದಾಖಲೆ ಮಾಡಿದವನು ನೀವು, ಅಕ್ಷರ ನಿಮ್ಮದು. ಸಸ್ಪೆಂಡು, ವಿಚಾರಣೆ, ಆಮೇಲೆ ಪೀಣ್ಯದಲ್ಲಿ ಯಾವ ಗೇಟೂ ನಿಮಗೆ ತೆಗೆಯುವುದಿಲ್ಲ. ‘ಸವಿತಾ ಅವ್ರು ಹೇಗಿದಾರೆ?’ ಎಂದೂ ಕೇಳಿದರು. ಟೀ ಆರುತ್ತಿದೆ, ಕುಡಿಯಿರಿ ಎಂದರು.

ಬೆರಳು ಮತ್ತೆ ಮಣಿಕಟ್ಟಿಗೆ ಹೋಗಿತ್ತು. ಮೆತ್ತನೆಯ ಕುರ್ಚಿಯಲ್ಲಿ, ಒಂದು ಹೆಜ್ಜೆಯನ್ನೂ ಇಡದೆ ಕೂತವನ ನಾಡಿ ಆ ಪ್ಯಾಕಿಂಗ್ ಕೇಸನ್ನು ಹತ್ತಿ ಇಳಿಯುತ್ತಿತ್ತು. ಗೋಡೆಯ ಗಡಿಯಾರದ ಮುಳ್ಳು ನೋಡಿ ಎಣಿಸಿದ. ನೂರ ಇಪ್ಪತ್ತು, ನೂರ ಮೂವತ್ತು. ಎದೆ ಹೇಡಿಯದು, ಎಲ್ಲದಕ್ಕೂ ಓಡುತ್ತದೆ, ಆದರೆ ಓಡಬೇಕಾದಾಗ ಓಡುತ್ತದೆ. ಪೆಟ್ಟಿಗೆ ಹತ್ತುವ ಸರದಿ ತನ್ನದಾಗಿದೆ ಎಂದು ಅದಕ್ಕೆ ತಿಳಿದಂತಿತ್ತು. ಆಚೆ ಸುತ್ತಿಗೆ ಬಿತ್ತು. ಟೀ ಬಟ್ಟಲಿನ ಕೆನೆಯಲ್ಲಿ ಸಣ್ಣ ಉಂಗುರವೆದ್ದು ಅಂಚಿಗೆ ಹೋಗಿ ಸತ್ತಿತು. ಪರಮಾನಂದ ಬಿಳಿ ಕೋಟಿನ ಜೇಬಿನಿಂದ ತನ್ನ ಪೆನ್ನು ತೆಗೆದ. ಅಮರೇಶರ ಮುಖ ಸಡಿಲವಾಯಿತು. ಅವನು ಅದರ ಮುಚ್ಚಳ ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡಿ ಮತ್ತೆ ಜೇಬಿಗೆ ಹಾಕಿದ. ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು, ಆ ಮೆತ್ತನೆಯ ಕುರ್ಚಿಯಿಂದ ಮಂಡಿಗೆ ಕೈಯೂರಿ, ಕಷ್ಟಪಟ್ಟು ಎದ್ದು ನಿಂತ.

‘ಪರಮಾನಂದ್, ಕೂತ್ಕೊಂಡು ಅರವತ್ತೆರಡು ಬರೀರಿ.’

‘ಬರೆಯಲ್ಲ ಸಾರ್,’ ಎಂದ. ‘ನೂರ ನಲವತ್ತೆಂಟೇ ಇರಲಿ. ಅದನ್ನ ಬರೆದೋನು ನಾನು.’